ಪುಟ್ಟ ಮಗುವಿನೊಂದಿಗೆ ಬೇರೆ ದೇಶಕ್ಕೆ ವಾಸ ಬದಲಿಸುವಾಗ ಯಾವ ಸಾಮಾನು ಒಯ್ಯಬೇಕು, ಯಾವುದನ್ನು ಬಿಟ್ಟು ಹೋಗಬೇಕು

ವಿದೇಶಕ್ಕೆ ವಾಸ ಬದಲಿಸುವವರು ಮಗುವಿನ ಸಾಮಾನಿನ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ದುಡ್ಡು ಕೊಟ್ಟು ತಂದದ್ದಲ್ಲವೇ ಎಂದು ಎಲ್ಲವನ್ನೂ ಕಟ್ಟಿಸಿ ಕಳಿಸುವುದು ಒಂದು. ಅಲ್ಲಿ ಎಲ್ಲವೂ ಸಿಗುತ್ತದೆ ಬಿಡಿ ಎಂದು ಬರಿಗೈಯಲ್ಲಿ ಹೊರಡುವುದು ಇನ್ನೊಂದು. ಎಲ್ಲವನ್ನೂ ಕಳಿಸಿದವರ ಕಾರ್ ಸೀಟು ಅಲ್ಲಿಯ ಕಾನೂನಿಗೆ ಹೊಂದುವುದಿಲ್ಲ, ಸ್ಟೆರಿಲೈಸರ್ (ಬಾಟಲಿಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಯಂತ್ರ) ಸಾಕಷ್ಟು ಬಿಸಿಯಾಗುವುದಿಲ್ಲ, ಹಡಗಿನಲ್ಲಿ ಹೋದ ತೊಟ್ಟಿಲು ಮನೆ ಮುಟ್ಟುವ ಹೊತ್ತಿಗೆ ಮಗು ಅದಕ್ಕೆ ದೊಡ್ಡದಾಗಿರುತ್ತದೆ. ಬರಿಗೈಯಲ್ಲಿ ಹೋದವರು ಮೊದಲ ರಾತ್ರಿಯೇ ಪೇಚಿಗೆ ಸಿಗುತ್ತಾರೆ: ಅಂಗಡಿ ಮುಚ್ಚಿರುತ್ತದೆ, ಹೊಸ ನಿಪ್ಪಲ್ಲನ್ನು ಮಗು ಬಾಯಿಗೇ ತೆಗೆದುಕೊಳ್ಳುವುದಿಲ್ಲ.

ಆದ್ದರಿಂದ ಬೆಲೆ ನೋಡಿ ತೀರ್ಮಾನಿಸಬೇಡಿ. ಆ ಸಾಮಾನು ಅಲ್ಲಿ ಕಾನೂನುಬದ್ಧವಾಗಿ ಕೆಲಸ ಮಾಡುತ್ತದೆಯೇ, ಕೈಗೆ ಸಿಗುವ ದಿನ ಮಗುವಿಗೆ ಇನ್ನೂ ಹಿಡಿಸುತ್ತದೆಯೇ, ಮೊದಲ ಎರಡು ವಾರ ಅದಿಲ್ಲದೆ ನಡೆಯುತ್ತದೆಯೇ ಎಂದು ನೋಡಿ. ಹೊರಡಲು ಎರಡು ತಿಂಗಳಾದರೂ ಇರುವಾಗಲೇ ಈ ಕೆಲಸ ಶುರುವಾಗಲಿ.

ಹಂತ 1: ಪಟ್ಟಿ ಮಾಡುವುದು ಈಗಿನ ಮಗುವಿಗಲ್ಲ

ಹಡಗಿನಲ್ಲಿ ಕಳಿಸಿದ ಸಾಮಾನು ಒಂದು ಮನೆಯ ಬಾಗಿಲಿನಿಂದ ಇನ್ನೊಂದು ಮನೆಯ ಬಾಗಿಲಿಗೆ ತಲುಪಲು ಆರರಿಂದ ಹನ್ನೆರಡು ವಾರ ಹಿಡಿಯುವುದು ಮಾಮೂಲು. ಬಂದರಿನಲ್ಲಿ ತಪಾಸಣೆಗೆ ಸಿಕ್ಕಿಕೊಂಡರೆ ಇನ್ನೂ ತಡ. ಪ್ಯಾಕಿಂಗ್ ದಿನ ಮೂರು ತಿಂಗಳ ಕೂಸಾಗಿದ್ದದ್ದು ಪೆಟ್ಟಿಗೆ ಬಿಚ್ಚುವ ದಿನ ಮಗುಚಿಕೊಂಡು, ಅಂಗೈ ಊರಿ ಎದೆ ಎತ್ತುತ್ತಿರುತ್ತದೆ. ಅಷ್ಟು ಬೆಳೆದ ಮಗುವನ್ನು ಬ್ಯಾಸಿನೆಟ್‌ನಂಥ ಪುಟ್ಟ ತೊಟ್ಟಿಲಲ್ಲಿ ಮಲಗಿಸುವುದು ಅಪಾಯ. ಮಗುವನ್ನು ಒರಗಿಸಿ ತೂಗುವ ಬೌನ್ಸರ್ ಕುರ್ಚಿಯೂ ಹಾಗೆಯೇ. ಮಗು ತಾನೇ ಎದ್ದು ಕೂರಲು ಶುರುಮಾಡಿದರೆ ಅದರ ಕಾಲ ಮುಗಿಯಿತು.

ಒಂದು ಹಾಳೆಯಲ್ಲಿ ನಾಲ್ಕು ಕಲಂ ಹಾಕಿ: ಸಾಮಾನಿನ ಹೆಸರು, ಪ್ಯಾಕ್ ಮಾಡಿದಾಗಿನ ಅಳತೆ ಮತ್ತು ತೂಕ, ತಯಾರಕರು ಹೇಳಿರುವ ಮಿತಿ (ಮಗುವಿನ ತೂಕ ಅಥವಾ ಎತ್ತರ), ಅದು ಕೈಗೆ ಸಿಗುವ ದಿನ ಮಗುವಿನ ವಯಸ್ಸು. ಕೊನೆಯ ಎರಡು ಕಲಂಗಳ ನಡುವೆ ನಾಲ್ಕು ತಿಂಗಳ ಬಳಕೆಯೂ ಉಳಿಯದಿದ್ದರೆ ಆ ಸಾಲಿಗೆ ಗೀಟು ಎಳೆಯಿರಿ.

ಎರಡನೆಯ ಕಲಂ ಯಾಕೆಂದರೆ, ವಿಮಾನದ ಸರಕಿಗೆ ತೂಕದ ಮೇಲೆ ಮಾತ್ರ ಬಾಡಿಗೆ ಹಾಕುವುದಿಲ್ಲ, ಗಾತ್ರದ ಮೇಲೂ ಹಾಕುತ್ತಾರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿದರೆ ಗಾತ್ರದ ತೂಕ ಸಿಗುತ್ತದೆ. ಕೊರಿಯರ್‌ನವರು ಹೆಚ್ಚಾಗಿ 5000ದಿಂದ ಭಾಗಿಸುತ್ತಾರೆ. ನಿಜವಾದ ತೂಕ, ಗಾತ್ರದ ತೂಕ ಇವೆರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್ಲು. ಹತ್ತು ಕಿಲೋದ ತಳ್ಳುಗಾಡಿಯನ್ನು 80 × 50 × 40 ಸೆಂ.ಮೀ. ಪೆಟ್ಟಿಗೆಯಲ್ಲಿ ಹಾಕಿದರೆ ಲೆಕ್ಕಕ್ಕೆ ಅದು ಸುಮಾರು 27 ಕಿಲೋ. ಮಗುವಿನ ಸಾಮಾನೆಲ್ಲ ಹೀಗೆಯೇ, ಹಗುರ ಆದರೆ ಜಾಗ ತಿನ್ನುವಂಥದ್ದು.

ಹಂತ 2: ಕಾರ್ ಸೀಟು

ಹೆಚ್ಚು ಜನ ತಪ್ಪುವುದು ಇಲ್ಲಿಯೇ. ಕಾರ್ ಸೀಟು ಒಂದು ದೇಶದಲ್ಲಿ ಸುರಕ್ಷಿತ ಎಂದಾದರೆ ಎಲ್ಲ ಕಡೆಯೂ ಆದೀತು ಎಂದು ಅನಿಸುವುದು ಸಹಜ. ಆದರೆ ಸೀಟು, ಬೆಲ್ಟು, ಕಾರಿನ ಕೊಂಡಿ ಮೂರೂ ಒಂದೇ ನಿಯಮದ ಕೆಳಗೆ ತಯಾರಾದಾಗ ಮಾತ್ರ ಆ ಸುರಕ್ಷತೆ ಸಿಗುತ್ತದೆ.

ಸೀಟನ್ನು ಬೋರಲು ಹಾಕಿ ಚೀಟಿ ಹುಡುಕಿ. ಯುರೋಪಿನಲ್ಲೂ ವಿಶ್ವಸಂಸ್ಥೆಯ ನಿಯಮ ಅನುಸರಿಸುವ ಇತರ ದೇಶಗಳಲ್ಲೂ ಮಾರುವ ಸೀಟಿಗೆ ಕಿತ್ತಳೆ ಬಣ್ಣದ ಚೀಟಿ ಇರುತ್ತದೆ. ಅದರಲ್ಲಿ ವೃತ್ತದೊಳಗೆ ಇಂಗ್ಲಿಷಿನ ‘ಇ’ (E) ಅಕ್ಷರ ಮತ್ತು ಒಂದು ಅಂಕಿ, ಜೊತೆಗೆ ಆರ್44 ಅಥವಾ ಆರ್129 ಎಂಬ ನಿಯಮದ ಸಂಖ್ಯೆ ಕಾಣುತ್ತದೆ. ಆರ್129 ಹೊಸದು. ಮಗುವಿನ ಎತ್ತರದ ಲೆಕ್ಕದಲ್ಲಿ ನಡೆಯುತ್ತದೆ, 15 ತಿಂಗಳವರೆಗೆ ಮಗು ಹಿಮ್ಮುಖವಾಗಿಯೇ ಕೂರಬೇಕು ಎನ್ನುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2024ರ ಸೆಪ್ಟೆಂಬರ್‌ನಿಂದ ಹೊಸ ಆರ್44 ಸೀಟುಗಳ ಮಾರಾಟ ನಿಂತಿದೆ, ಇರುವುದನ್ನು ಬಳಸಲು ಅಡ್ಡಿಯಿಲ್ಲ. ಅಮೆರಿಕದ ನಿಯಮ ಎಫ್‌ಎಂವಿಎಸ್‌ಎಸ್ 213. ಕೆನಡಾದ್ದು ಬೇರೆ, ಅಲ್ಲಿಯ ಸೀಟಿನ ಮೇಲೆ ಮೇಪಲ್ ಎಲೆಯ ರಾಷ್ಟ್ರೀಯ ಸುರಕ್ಷತಾ ಮುದ್ರೆ ಇರಲೇಬೇಕು. ಪಕ್ಕದ ಅಮೆರಿಕದಲ್ಲಿ ಕೊಂಡ ಸೀಟಿಗೂ ಅಲ್ಲಿ ಮಾನ್ಯತೆ ಇಲ್ಲ. ಆಸ್ಟ್ರೇಲಿಯಾದಲ್ಲಿ ಎಎಸ್/ಎನ್‌ಜೆಡ್‌ಎಸ್ 1754 ಗುರುತಿಲ್ಲದ ಸೀಟು ಬಳಸುವಂತಿಲ್ಲ. ನ್ಯೂಜಿಲೆಂಡ್ ಮಾತ್ರ ಉದಾರಿ: ಆಸ್ಟ್ರೇಲಿಯಾದ್ದು, ಯುರೋಪಿನದು, ಅಮೆರಿಕದ್ದು ಮೂರನ್ನೂ ಒಪ್ಪುತ್ತದೆ. ಅಮೆರಿಕದ ಸೀಟಿನ ಮೇಲೆ ‘ಎಸ್’ ಗುರುತು ಇರಬೇಕು, ಅಷ್ಟೇ.

ಗುರುತು ಬರೀ ಕಾಗದದ ಮಾತಲ್ಲ. ಅಮೆರಿಕದ ಕಾರಿನ ಹಿಂದಿನ ಸೀಟಿನ ಬೆಲ್ಟನ್ನು ಪೂರ್ತಿ ಹೊರಗೆಳೆದು ಬಿಟ್ಟರೆ ಅದು ಲಾಕ್ ಆಗಿ ಬಿಗಿಯಾಗಿ ನಿಲ್ಲುತ್ತದೆ, ಅಲ್ಲಿಯ ಎಷ್ಟೋ ಸೀಟುಗಳು ಅದನ್ನೇ ನೆಚ್ಚಿಕೊಂಡಿವೆ. ಯುರೋಪಿನ ಕಾರುಗಳಲ್ಲಿ ಸಾಮಾನ್ಯವಾಗಿ ಬೆಲ್ಟು ಜೋರು ಬ್ರೇಕ್ ಬಿದ್ದಾಗ ಮಾತ್ರ ಹಿಡಿಯುತ್ತದೆ. ಹೀಗಾಗಿ ಬೆಲ್ಟನ್ನು ತಾನೇ ಹಿಡಿದುಕೊಳ್ಳುವ ಕ್ಲಿಪ್ಪು ಸೀಟಿನಲ್ಲೇ ಇಲ್ಲದಿದ್ದರೆ, ಅಮೆರಿಕದ ಸೀಟು ಅಲ್ಲಿಯ ಕಾರಿನಲ್ಲಿ ತಿರುವಿನಲ್ಲೆಲ್ಲ ಜಾರುತ್ತದೆ. ಆಸ್ಟ್ರೇಲಿಯಾದ ಸೀಟಿಗೆ ಬೆನ್ನಿನ ಹಿಂದಿನಿಂದ ಬಿಗಿಯುವ ಟಾಪ್ ಟೆದರ್ ಪಟ್ಟಿ ಬೇಕು. ಅದಕ್ಕೆ ಕಾರಿನಲ್ಲಿ ಕೊಂಡಿಯೂ ಬೇಕು.

ಆದ್ದರಿಂದ ಹೋಗುವ ದೇಶದ ಗುರುತು ನಿಮ್ಮ ಸೀಟಿನ ಮೇಲಿಲ್ಲದಿದ್ದರೆ ಎಷ್ಟೇ ದುಬಾರಿಯದಾದರೂ ಇಲ್ಲಿಯೇ ಬಿಡಿ. ಇದ್ದರೆ ಇನ್ನೆರಡು ಪರೀಕ್ಷೆ ಮಾಡಿ. ತಳದ ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿದ ತಯಾರಿಕೆಯ ದಿನಾಂಕ ಅಥವಾ ಬಳಕೆಯ ಕೊನೆಯ ದಿನ ನೋಡಿ, ಹೆಚ್ಚಿನ ತಯಾರಕರು ಆರರಿಂದ ಹತ್ತು ವರ್ಷ ಎನ್ನುತ್ತಾರೆ. ಅಪಘಾತ ಕಂಡ ಸೀಟಾದರೆ ಅಲ್ಲಿಗೆ ಮುಗಿಯಿತು, ಒಯ್ಯಬೇಡಿ.

ಒಯ್ಯುವುದಾದರೆ ಹೇಗೆ? ಚೀಲ ಕೂಡ ಹಾಕದೆ ಚೆಕ್-ಇನ್ ಲಗೇಜಿಗೆ ಕೊಡುವುದು ಕೆಟ್ಟ ದಾರಿ. ಎತ್ತಿ ಹಾಕುವಾಗ ಒಳಗಿನ ಫೋಮ್ ಬಿರಿದರೂ ಹೊರಗಿನ ಬಟ್ಟೆ ಮುಚ್ಚಿರುವುದರಿಂದ ಕಾಣುವುದಿಲ್ಲ. ಕಂಪನಿಯ ಪೆಟ್ಟಿಗೆ ಉಳಿದಿದ್ದರೆ ಸುತ್ತ ಬಟ್ಟೆ ತುಂಬಿ ಅದರಲ್ಲಿ ಕಳಿಸಿ. ಮಗುವಿಗೆ ಬೇರೆ ಆಸನ ಕಾದಿರಿಸಿದ್ದರೆ ವಿಮಾನದೊಳಗೇ ಬಳಸುವುದು ಎಲ್ಲಕ್ಕಿಂತ ಒಳ್ಳೆಯದು. ಆಗಲೂ ಸೀಟಿನ ಮೇಲೆ ವಿಮಾನದಲ್ಲಿ ಬಳಸಬಹುದು ಎಂಬ ಮಾತು ಇರಬೇಕು, ಅಮೆರಿಕದ ಸೀಟುಗಳಲ್ಲಿ ಅದು ಕೆಂಪು ಅಕ್ಷರದಲ್ಲಿರುತ್ತದೆ. ಐಸೋಫಿಕ್ಸ್ ಬೇಸಿಗೆ (ಕಾರಿನ ಲೋಹದ ಕೊಂಡಿಗೆ ಸಿಕ್ಕಿಸುವ ತಳಕ್ಕೆ) ಮಾತ್ರ ಕೂರುವ ಸೀಟು ವಿಮಾನದಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಇರುವುದು ಸೊಂಟದ ಬೆಲ್ಟು ಒಂದೇ.

ಸೀಟು ಒಯ್ಯದಿದ್ದರೆ ವಿಮಾನ ನಿಲ್ದಾಣದಿಂದ ಮನೆಗೆ ಹೋಗುವ ದಾರಿಯನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ಮಗುವಿನ ಸೀಟಿರುವ ಗಾಡಿಯನ್ನು ಮುಂಚೆಯೇ ಬುಕ್ ಮಾಡಿ, ಅಥವಾ ರೈಲಿನಲ್ಲಿ ಹೋಗಿ. ಎಷ್ಟೋ ಕಡೆ ಟ್ಯಾಕ್ಸಿಗೆ ಕಾನೂನಿನ ವಿನಾಯಿತಿ ಇದೆ ನಿಜ, ಆದರೆ ಗೊತ್ತಿಲ್ಲದ ಊರಿನ ಹೆದ್ದಾರಿಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗಲು ಅದು ನೆಪವಾಗಬಾರದು.

ಹಂತ 3: ಕರೆಂಟಿನ ಸಾಮಾನು

ಪ್ರತಿ ಸಾಧನದ ತಳದಲ್ಲೋ ಅಡಾಪ್ಟರಿನ ಮೇಲೋ ‘ಇನ್‌ಪುಟ್’ ಎಂಬ ಸಾಲು ಇರುತ್ತದೆ. ಅಲ್ಲಿ 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಪ್ಲಗ್ಗಿನ ಆಕಾರ ಬದಲಿಸುವ ಚಿಕ್ಕ ಅಡಾಪ್ಟರ್ ಸಾಕು. ಬರೀ 220–240 ಅಥವಾ ಬರೀ 120 ಎಂದಿದ್ದರೆ ಹೋಗುವ ದೇಶದ ವೋಲ್ಟೇಜ್ ನೋಡಬೇಕು. ಅಮೆರಿಕ, ಕೆನಡಾಗಳಲ್ಲಿ 120, ಜಪಾನಿನಲ್ಲಿ 100, ಯುರೋಪ್, ಆಸ್ಟ್ರೇಲಿಯಾ ಸೇರಿ ಪ್ರಪಂಚದ ಹೆಚ್ಚಿನ ಕಡೆ 220ರಿಂದ 240.

ಬಾಟಲಿ ವಾರ್ಮರ್, ಸ್ಟೆರಿಲೈಸರ್‌ನಂಥ ಬಿಸಿ ಮಾಡುವ ಸಾಮಾನುಗಳಲ್ಲಿ ಶಕ್ತಿ ವೋಲ್ಟೇಜಿನ ವರ್ಗಕ್ಕೆ (ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರಿಳಿಯುತ್ತದೆ. 230 ವೋಲ್ಟಿನ ಸ್ಟೆರಿಲೈಸರನ್ನು 120ಕ್ಕೆ ಹಾಕಿದರೆ ಅದರ ಶಕ್ತಿಯಲ್ಲಿ ಕಾಲು ಭಾಗಕ್ಕಿಂತ ಚೂರು ಹೆಚ್ಚು ಮಾತ್ರ ಸಿಗುತ್ತದೆ. ದೀಪ ಉರಿಯುತ್ತದೆ, ನೀರು ಬೆಚ್ಚಗಾಗುತ್ತದೆ, ಬೇಕಾದಷ್ಟು ಹಬೆ ಮಾತ್ರ ಏಳುವುದಿಲ್ಲ. ಬಾಟಲಿ ಶುದ್ಧವಾಗಿದೆ ಎಂದೇ ನೀವು ಅಂದುಕೊಂಡಿರುತ್ತೀರಿ, ಅಪಾಯ ಇರುವುದು ಅದರಲ್ಲಿ. ತಿರುಗಾಮುರುಗಾ ಆದರೆ, ಅಂದರೆ 120ರದ್ದನ್ನು 230ಕ್ಕೆ ಹಾಕಿದರೆ, ಮೂರೂವರೆ ಪಟ್ಟಿಗೂ ಹೆಚ್ಚು ಶಕ್ತಿ ನುಗ್ಗಿ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸಬಹುದಾದರೂ ಇಷ್ಟು ವಾಟಿನದ್ದು ಕಿಲೋಗಟ್ಟಲೆ ತೂಗುತ್ತದೆ. ಬಿಸಿ ಮಾಡುವ ಯಾವ ಸಾಮಾನನ್ನೂ ಒಯ್ಯಬೇಡಿ. ಅಲ್ಲಿ ಹೊಸದು ಕೊಳ್ಳುವವರೆಗೆ ಬಾಟಲಿಗಳನ್ನು ಮುಳುಗುವಷ್ಟು ನೀರಿನಲ್ಲಿ ಹತ್ತು ನಿಮಿಷ ಕುದಿಸಿದರೆ ಕೆಲಸ ನಡೆಯುತ್ತದೆ.

ಬ್ರೆಸ್ಟ್ ಪಂಪ್ ಖಂಡಿತ ಬರಲಿ. ಹೆಚ್ಚಿನವುಗಳ ಅಡಾಪ್ಟರ್ ಎರಡೂ ವೋಲ್ಟೇಜಿಗೆ ಒಗ್ಗುತ್ತದೆ, ಆದರೂ ಚೀಟಿ ನೋಡಿಯೇ ಖಚಿತ ಮಾಡಿಕೊಳ್ಳಿ. ಪಂಪಿಗಿಂತ ಅದರ ಬಿಡಿಭಾಗ ಸಿಗುವುದು ಕಷ್ಟ. ಹೀರುವ ಬಲ ಕಡಿಮೆಯಾಯಿತು ಎಂದರೆ ಹೆಚ್ಚಿನ ಸಲ ಸೋತಿರುವುದು ಮೋಟಾರಲ್ಲ, ಬಾತುಕೋಳಿಯ ಕೊಕ್ಕಿನಂಥ ಆ ಸಿಲಿಕೋನ್ ವಾಲ್ವು. ಬೆಳಕಿಗೆ ಹಿಡಿದು ನೋಡಿ, ತುದಿಯ ಸೀಳು ಮುಚ್ಚಿಕೊಳ್ಳದೆ ಬಾಯಿ ಬಿಟ್ಟಿದ್ದರೆ ಬದಲಿಸುವ ಕಾಲ ಬಂತು. ವಾಲ್ವು, ಮೆಂಬ್ರೇನ್ (ತೆಳು ಪೊರೆ) ಎರಡೆರಡು ಜೊತೆ, ನಿಮಗೆ ಹೊಂದುವ ಅಳತೆಯ ಫ್ಲೇಂಜ್ (ಎದೆಗೆ ಹಿಡಿಯುವ ಆಲಿಕೆ) ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ಪಂಪನ್ನು ಕೈಚೀಲದಲ್ಲೇ ಒಯ್ಯಿರಿ.

ಮಗುವಿನ ಸದ್ದನ್ನು ಬೇರೆ ಕೋಣೆಗೆ ಕೇಳಿಸುವ ಬೇಬಿ ಮಾನಿಟರಿನದು ಪ್ಲಗ್ಗಿನ ಸಮಸ್ಯೆಯಲ್ಲ, ತರಂಗಾಂತರದ್ದು. ಡೆಕ್ಟ್ (ಮನೆಯ ಕಾರ್ಡ್‌ಲೆಸ್ ಫೋನಿನ) ತಂತ್ರಜ್ಞಾನದ ಮಾನಿಟರುಗಳು ಯುರೋಪಿನಲ್ಲಿ 1880–1900 ಮೆಗಾಹರ್ಟ್ಸ್, ಅಮೆರಿಕದಲ್ಲಿ 1920–1930 ಮೆಗಾಹರ್ಟ್ಸ್ ಬಳಸುತ್ತವೆ. ಒಂದು ಕಡೆಯದನ್ನು ಇನ್ನೊಂದು ಕಡೆ ಹಚ್ಚುವುದು ಕಾನೂನುಬಾಹಿರ, ಮೊಬೈಲ್ ಜಾಲಕ್ಕೂ ತೊಂದರೆ. 2.4 ಗಿಗಾಹರ್ಟ್ಸ್ ಅಥವಾ ವೈಫೈ ಮೇಲೆ ನಡೆಯುವುದಾದರೆ ಸಾಮಾನ್ಯವಾಗಿ ಚಿಂತೆಯಿಲ್ಲ.

ಪ್ಲಗ್ ಪಾಯಿಂಟಿಗೆ ಹಾಕುವ ಮುಚ್ಚಳಗಳನ್ನು ಒಯ್ದು ಫಲವಿಲ್ಲ. ತೂತಿನ ಆಕಾರ ಬೇರೆ. ಬ್ರಿಟನ್ನಿನ ಸಾಕೆಟ್ಟಿನಲ್ಲಂತೂ ಒಳಗೇ ಬಾಗಿಲು ಇದೆ, ಹೊರಗಿನ ಮುಚ್ಚಳ ಅದನ್ನು ತೆರೆದಿಟ್ಟು ಅಪಾಯ ತರಬಹುದು.

ಹಂತ 4: ಮಲಗುವ ವ್ಯವಸ್ಥೆ

ದೊಡ್ಡ ಕ್ರಿಬ್ಬನ್ನು (ಸುತ್ತ ಕಟಕಟೆ ಇರುವ ಮಗುವಿನ ಮಂಚ) ಒಯ್ಯುವುದಾದರೆ ಹಾಸಿಗೆಯೂ ಜೊತೆಗೆ ಬರಲೇಬೇಕು. ಅಮೆರಿಕದ ಹಾಸಿಗೆ ಸುಮಾರು 131 × 69 ಸೆಂ.ಮೀ., ಯುರೋಪಿನಲ್ಲಿ 120 × 60 ಅಥವಾ 140 × 70. ಹತ್ತಿರದ ಅಳತೆಯದನ್ನು ತಂದು ತುರುಕಿದರೆ ಅಂಚಿನಲ್ಲಿ ಸಂದು ಉಳಿಯುತ್ತದೆ. ಎರಡು ಬೆರಳಿಗಿಂತ ಹೆಚ್ಚು ಸಂದಿದ್ದರೆ ಮಗುವಿನ ಮುಖ ಸಿಕ್ಕಿಕೊಳ್ಳಬಹುದು. ಅಳತೆಗೆ ತಕ್ಕ ಎಲಾಸ್ಟಿಕ್ ಬೆಡ್‌ಶೀಟುಗಳು ನಾಲ್ಕು ಇರಲಿ, ಅಲ್ಲಿ ಆ ಅಳತೆಯದು ಸಿಗುವುದಿಲ್ಲ.

ಕ್ರಿಬ್ಬು ಘನ ಮರದ್ದಾಗಿದ್ದು, ಬೋಲ್ಟು ಹಾಕಿ ಜೋಡಿಸುವಂಥದ್ದಾದರೆ ಬಿಚ್ಚಿ ಜೋಡಿಸಲು ತಡೆದುಕೊಳ್ಳುತ್ತದೆ. ಪಾರ್ಟಿಕಲ್ ಬೋರ್ಡಿನದಾದರೆ ಒಮ್ಮೆ ಬಿಚ್ಚಿದ ತೂತು ಸ್ಕ್ರೂವನ್ನು ಮತ್ತೆ ಗಟ್ಟಿಯಾಗಿ ಹಿಡಿಯುವುದಿಲ್ಲ, ಅದನ್ನು ಮಾರಿ ಹೊರಡಿ. ಬಿಚ್ಚುವ ಮುಂಚೆ ಪ್ರತಿ ಕೀಲಿನ ಫೋಟೊ ತೆಗೆಯಿರಿ. ಬೋಲ್ಟು, ವಾಷರು, ಎಲ್ಲೆನ್ ಕೀಯನ್ನು ಜಿಪ್ ಚೀಲಕ್ಕೆ ಹಾಕಿ ಎಣಿಕೆ ಬರೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಪೆಟ್ಟಿಗೆಯೊಳಗೆ ಹಾಕಿದ ಸ್ಕ್ರೂ ಕಳೆದು, ಸಿಕ್ಕಿದ್ದನ್ನು ಹಾಕಿ ಅಲುಗಾಡುವ ಕ್ರಿಬ್ಬಿನಲ್ಲಿ ಮಗು ಮಲಗಿಸುವ ಪರಿಸ್ಥಿತಿ ಬೇಡ.

ಒಂದು ಬದಿ ಕೆಳಗೆ ಜಾರುವ ಹಳೆಯ ಮಾದರಿಯ ಕ್ರಿಬ್ಬನ್ನು ಎಲ್ಲಿಗೂ ಒಯ್ಯಬೇಡಿ. ಅಮೆರಿಕದಲ್ಲಿ 2011ರ ಜೂನ್‌ನಿಂದ ಅದರ ಮಾರಾಟವೇ ನಿಷಿದ್ಧ. ಕ್ರಿಬ್ಬಿನ ಒಳಗೆ ಸುತ್ತ ಕಟ್ಟುವ ದಪ್ಪ ಬಂಪರ್ ಮೆತ್ತೆ, ಹತ್ತು ಡಿಗ್ರಿಗಿಂತ ಹೆಚ್ಚು ವಾಲಿದ ಸ್ಲೀಪರ್ (ಮಗುವನ್ನು ಮಲಗಿಸುವ ಆಸನ) ಎರಡನ್ನೂ ಅಲ್ಲಿಯ 2022ರ ಕಾನೂನು ನಿಷೇಧಿಸಿದೆ.

ಮಡಚುವ ಟ್ರಾವೆಲ್ ಕಾಟ್ ಮಾತ್ರ ಒಯ್ಯಲು ತಕ್ಕದ್ದು. ಬಾಡಿಗೆ ಕೋಣೆ, ಹೋಟೆಲು, ಸಾಮಾನಿಲ್ಲದ ಹೊಸ ಮನೆ ಎಲ್ಲಿಯಾದರೂ ಮಗುವಿಗೆ ಅದೇ ಜಾಗ, ಅದೇ ವಾಸನೆ. ಅದರ ಜೊತೆ ಬಂದ ತೆಳು ಹಾಸಿಗೆಯನ್ನೇ ಬಳಸಿ. ಮೆತ್ತಗಿರಲಿ ಎಂದು ಇನ್ನೊಂದನ್ನು ಮೇಲೆ ಹಾಕಿದರೆ ಬದಿಯ ಬಲೆ ಹಿಗ್ಗಿ ಮಗು ನಡುವೆ ಜಾರಬಹುದು. ಚಳಿ ದೇಶಕ್ಕಾದರೆ ಹೊದಿಕೆಯ ಬದಲು ಸ್ಲೀಪಿಂಗ್ ಬ್ಯಾಗ್ ಬೇಕು, ಅದನ್ನು ಅಲ್ಲಿಯೇ ಕೊಳ್ಳಿ. ಅದರ ಬೆಚ್ಚಗೆಯನ್ನು ಟಾಗ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಕೋಣೆ 16–20 ಡಿಗ್ರಿ ಇದ್ದರೆ 2.5 ಟಾಗ್, 24 ದಾಟಿದರೆ 0.5.

ಹಂತ 5: ತಳ್ಳುಗಾಡಿ, ವಾಕರ್, ಉಳಿದದ್ದು

ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಮೃದುವಾದ ಬೇಬಿ ಕ್ಯಾರಿಯರ್ ಒಯ್ಯಿರಿ, ಯೋಚಿಸಬೇಡಿ. ಪಾಸ್‌ಪೋರ್ಟ್ ಸಾಲಿನಲ್ಲಿ ಎರಡೂ ಕೈ ಬಿಡುವಾಗಿರಬೇಕು.

ತಳ್ಳುಗಾಡಿಗೆ ಹೋಗುವ ಮನೆಯ ಅಳತೆ ಕೇಳಿ ತರಿಸಿಕೊಳ್ಳಿ: ಲಿಫ್ಟಿನ ಬಾಗಿಲು ಎಷ್ಟು ಅಗಲ, ಎಷ್ಟು ಮೆಟ್ಟಿಲು, ಕಾರಿನ ಡಿಕ್ಕಿ ಎಷ್ಟು ಆಳ. ಹಳೆಯ ಕಟ್ಟಡಗಳ ಲಿಫ್ಟಿಗೆ 60 ಸೆಂ.ಮೀ. ಅಗಲದ ಗಾಡಿ ಹೋಗದೆ ಇರಬಹುದು, ಅಕ್ಕಪಕ್ಕ ಕೂರಿಸುವ ಅವಳಿ ಗಾಡಿಯ ಮಾತೇ ಬೇಡ. ಹಿಮ ಬೀಳುವ ಊರಿನಲ್ಲಿ ಪುಟ್ಟ ಗಟ್ಟಿ ಚಕ್ರಗಳು ಹೂತುಹೋಗುತ್ತವೆ. ಸಂದೇಹವಿದ್ದರೆ ಮಡಚಿದಾಗ ಸುಮಾರು 55 × 45 × 25 ಸೆಂ.ಮೀ.ಗೆ ಇಳಿಯುವ ಹಗುರ ಗಾಡಿಯೊಂದನ್ನು ಒಯ್ದು, ದೊಡ್ಡದನ್ನು ಅಲ್ಲಿಯ ರಸ್ತೆ ನೋಡಿದ ಮೇಲೆ ಕೊಳ್ಳಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೊರಟಿದ್ದರೆ ಚಕ್ರಗಳನ್ನು ಬ್ರಷ್ ಹಾಕಿ ತೊಳೆದು ಒಣಗಿಸಿ. ಮಣ್ಣು ಅಂಟಿದ್ದರೆ ಜೈವಿಕ ಸುರಕ್ಷತೆಯವರು ತಡೆಯುತ್ತಾರೆ. ಮರದ ಆಟಿಕೆ, ನಾರಿನ ಬುಟ್ಟಿಗಳನ್ನೂ ಅಲ್ಲಿ ಘೋಷಿಸಬೇಕು.

ಚಕ್ರವಿರುವ ಬೇಬಿ ವಾಕರನ್ನು ಕೆನಡಾಕ್ಕೆ ತರುವಂತೆಯೇ ಇಲ್ಲ, 2004ರಿಂದ ಮಾರಾಟ ಮತ್ತು ಆಮದು ಎರಡೂ ನಿಷಿದ್ಧ. ಮೆಟ್ಟಿಲಿನಿಂದ ಉರುಳಿದ ಮಕ್ಕಳ ಕಾರಣಕ್ಕೆ ಬಂದ ನಿಷೇಧ ಅದು, ಉಳಿದ ದೇಶಗಳಿಗೆ ಹೋಗುವವರೂ ಬಿಟ್ಟು ಹೋಗುವುದೇ ಲೇಸು. ಎತ್ತರದ ಊಟದ ಕುರ್ಚಿ, ಸ್ನಾನದ ಟಬ್ಬು, ಮೆಟ್ಟಿಲ ಗೇಟು, ಉಯ್ಯಾಲೆ ಎಲ್ಲ ಅಲ್ಲಿಯೇ ಸೆಕೆಂಡ್ ಹ್ಯಾಂಡ್ ಸಿಗುತ್ತವೆ.

ಹಂತ 6: ಹಾಲು, ಬಾಟಲಿ, ಔಷಧ

ಮಗು ಒಪ್ಪಿದ ಬಾಟಲಿ ನಾಲ್ಕರಿಂದ ಆರು, ಅದೇ ಹರಿವಿನ ನಿಪ್ಪಲ್ ನಾಲ್ಕು ಮತ್ತು ಅದರ ಮುಂದಿನ ಅಳತೆಯದು ಎರಡು ಇರಲಿ.

ಫಾರ್ಮುಲಾ ಕುಡಿಯುವ ಮಗುವಿಗೆ ಪುಡಿ ಎಷ್ಟು? ದಿನಕ್ಕೆ ಕಿಲೋಗೆ ಸುಮಾರು 150 ಮಿ.ಲೀ. ಎಂದರೆ ಆರು ಕಿಲೋದ ಮಗುವಿಗೆ 900 ಮಿ.ಲೀ., ಪುಡಿ ಸುಮಾರು 120 ಗ್ರಾಂ. 800 ಗ್ರಾಂನ ಡಬ್ಬಿ ಹೆಚ್ಚುಕಡಿಮೆ ಒಂದು ವಾರ. ಎರಡು ಡಬ್ಬಿ ಒಯ್ದರೆ ಹೊಸ ಪುಡಿಗೆ ನಿಧಾನವಾಗಿ ಬದಲಾಯಿಸಲು ಸಮಯ ಸಿಗುತ್ತದೆ. ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ ಬರುವವರು ಮಗುವಿನ ಹಾಲಿನ ಪುಡಿ, ಆಹಾರಗಳನ್ನು ತಲೆಗೆ 2 ಕಿಲೋವರೆಗೆ ತರಬಹುದು. ಅವು ಕಂಪನಿಯ ಸೀಲು ಒಡೆಯದ ಪ್ಯಾಕೆಟ್ಟಿನಲ್ಲಿರಬೇಕು. ಹೊಸ ಡಬ್ಬಿಗೆ ಹಳೆಯ ಅಳತೆಚಮಚ ಹಾಕಬೇಡಿ. ಯುರೋಪಿನಲ್ಲಿ ಸಾಮಾನ್ಯವಾಗಿ ಒಂದು ಚಮಚಕ್ಕೆ 30 ಮಿ.ಲೀ. ನೀರು, ಅಮೆರಿಕದಲ್ಲಿ 60. ಅದಲುಬದಲಾದರೆ ಹಾಲು ತೀರಾ ಗಟ್ಟಿ ಅಥವಾ ತೀರಾ ನೀರಾಗುತ್ತದೆ.

ಜ್ವರದ ಔಷಧದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಆಗಬಹುದು. ಮಕ್ಕಳ ಪ್ಯಾರಸಿಟಮಾಲ್ ಸಿರಪ್ಪು ಬ್ರಿಟನ್ನಿನಲ್ಲಿ 5 ಮಿ.ಲೀ.ಗೆ 120 ಮಿ.ಗ್ರಾಂ, ಅಮೆರಿಕದಲ್ಲಿ 160. ಅಲ್ಲಿ ಅದರ ಹೆಸರು ಅಸೆಟಮಿನೋಫೆನ್. ಕೆಲವು ದೇಶಗಳ ಹನಿಯೌಷಧದಲ್ಲಿ ಒಂದೇ ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ. ಸಿರಪ್ಪಿನ ಲೆಕ್ಕದಲ್ಲಿ ಹನಿಯೌಷಧ ಕುಡಿಸಿದರೆ ಮೂರು ನಾಲ್ಕು ಪಟ್ಟು ಹೆಚ್ಚು ಹೋಗುತ್ತದೆ. ಹೊರಡುವ ಮುಂಚೆ ವೈದ್ಯರಿಂದ ಮಗುವಿನ ತೂಕಕ್ಕೆ ತಕ್ಕ ಪ್ರಮಾಣವನ್ನು ಮಿಲಿಗ್ರಾಂನಲ್ಲಿ ಬರೆಸಿಕೊಳ್ಳಿ. ಲಸಿಕೆ ಚೀಟಿಯನ್ನೂ ಅದೇ ಲಕೋಟೆಯಲ್ಲಿಡಿ.

ಹಂತ 7: ಮೂರು ಪಾಲು

ಉಳಿದ ಸಾಮಾನನ್ನು ಕೈಚೀಲ, ಚೆಕ್-ಇನ್, ಹಡಗು ಎಂದು ಹಂಚಿ. ಕೈಚೀಲದಲ್ಲಿ ಪ್ರಯಾಣದ ಗಂಟೆಗೊಂದು ಡೈಪರ್, ಎರಡು ಜೊತೆ ಬಟ್ಟೆ (ನಿಮಗೂ ಒಂದು ಅಂಗಿ), ಹಾಲು, ಪಂಪು, ಔಷಧ. ಮಗುವಿನ ಹಾಲಿಗೆ 100 ಮಿ.ಲೀ. ದ್ರವದ ಮಿತಿಯಿಂದ ಹೆಚ್ಚಿನ ಕಡೆ ವಿನಾಯಿತಿ ಇದೆ, ತಪಾಸಣೆಗೆ ಹೊರತೆಗೆದು ತೋರಿಸಬೇಕು. ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು.

ಚೆಕ್-ಇನ್‌ನಲ್ಲಿ ಟ್ರಾವೆಲ್ ಕಾಟು, ಬಾಟಲಿಗಳು, ಎರಡು ವಾರದ ಬಟ್ಟೆ, ನಾಲ್ಕು ದಿನದ ಡೈಪರ್. ಆರು ತಿಂಗಳ ಮಗುವಿಗೆ ದಿನಕ್ಕೆ ಆರೆಂಟು, ಎಳೆಗೂಸಿಗೆ ಹತ್ತು ಹನ್ನೆರಡು. ಅಲ್ಲಿ ಕೊಳ್ಳುವಾಗ ಪ್ಯಾಕೆಟ್ಟಿನ ನಂಬರನ್ನಲ್ಲ, ಕಿಲೋ ಲೆಕ್ಕವನ್ನು ನೋಡಿ. ಒಂದೊಂದು ದೇಶಕ್ಕೆ ನಂಬರು ಬೇರೆ.

ಹಡಗಿಗೆ ಹೋಗುವುದು ಮುಂದಿನ ಅಳತೆಯ ಬಟ್ಟೆ, ಪುಸ್ತಕ, ಆಟಿಕೆ, ಗಟ್ಟಿ ಕ್ರಿಬ್ಬು. ಇಲ್ಲೊಂದು ಸುಂಕದ ಸೂಕ್ಷ್ಮವಿದೆ. ವಾಸ ಬದಲಿಸುವವರ ಮನೆಸಾಮಾನಿಗೆ ಐರೋಪ್ಯ ಒಕ್ಕೂಟ ಸುಂಕ ವಿನಾಯಿತಿ ಕೊಡುವಾಗ, ಸಾಮಾನು ಕನಿಷ್ಠ ಆರು ತಿಂಗಳಿಂದ ನಿಮ್ಮ ಬಳಕೆಯಲ್ಲಿರಬೇಕು, ಬಂದ ಮೇಲೆ ಹನ್ನೆರಡು ತಿಂಗಳು ಮಾರಬಾರದು ಎಂಬ ನಿಯಮವಿದೆ. ಇತರ ಕಡೆಯೂ ಇಂಥ ಷರತ್ತುಗಳಿರುತ್ತವೆ. ಹೊರಡುವ ತಿಂಗಳು ಹೊಸ ಕ್ರಿಬ್ಬು, ಹೊಸ ತಳ್ಳುಗಾಡಿ ಕೊಂಡು ಕಂಟೇನರಿಗೆ ಏರಿಸಿದರೆ ಅವಕ್ಕೆ ಸುಂಕ ಬೀಳಬಹುದು. ಕೊಂಡ ರಸೀದಿಗಳನ್ನು ಇಟ್ಟುಕೊಳ್ಳಿ. ಪಟ್ಟಿಯಲ್ಲಿ ‘ಮಗುವಿನ ಸಾಮಾನು’ ಎಂದು ಒಂದೇ ಸಾಲು ಬರೆಯುವ ಬದಲು ಪೆಟ್ಟಿಗೆವಾರು ಬಿಡಿಸಿ ಬರೆಯಿರಿ, ತಪಾಸಣೆಗೆ ತೆರೆಯುವ ಪೆಟ್ಟಿಗೆಗಳು ಕಡಿಮೆಯಾಗುತ್ತವೆ.